ಯಾವ ‘ಆಯ್ತು’ ಮಾರಾಯ?

ವಿಮಾನಕ್ಕೆ ತಾನಾಗಿ ತಪ್ಪು ಮಾಡಲು ಬರುವುದಿಲ್ಲ. ಆ ಕೊರತೆ ನೀಗಿಸಲೆಂದೇ ನಮ್ಮನ್ನು ಇಟ್ಟುಕೊಂಡಿದ್ದಾರೋ ಎಂದು ಇಪ್ಪತ್ತು ವರ್ಷಗಳಿಂದ ನನಗೊಂದು ಅನುಮಾನ. ನಾನು ವಿಮಾನ ರಿಪೇರಿಯವನು. ಗಲ್ಫಿನಲ್ಲಿ ಹದಿನಾಲ್ಕು ವರ್ಷ ಬೋಲ್ಟು ತಿರುಗಿಸಿ, ಈಗ ಆರು ವರ್ಷದಿಂದ ಊರ ಹತ್ತಿರ ತಿರುಗಿಸುತ್ತಿದ್ದೇನೆ. ಮನೆ ಪೆರ್ಲದಲ್ಲಿ. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವಿಮಾನ ನಿಲ್ದಾಣ ಇಲ್ಲ. ಬಡಗು ದಿಕ್ಕಿಗೊಂದು ಉಂಟು, ತೆಂಕು ದಿಕ್ಕಿಗೊಂದು ಉಂಟು. ನನ್ನದು ಯಾವುದೆಂದು ಹೇಳುವುದಿಲ್ಲ. ಹೇಳಿದರೆ ನೀವು ಇನ್ನೊಂದು ಕಡೆಯಿಂದ ಟಿಕೆಟ್ ತೆಗೆಯುತ್ತೀರಿ.

ಹೆದರಬೇಡಿ. ತಪ್ಪು ಮಾಡುವವರು ನಾವೇ ಆದರೂ ಹಿಡಿಯುವವರೂ ನಾವೇ. ಕೆಲಸ ಮುಗಿದ ಮೇಲೆ ‘ಈ ವಿಮಾನ ಹಾರಬಹುದು’ ಎಂದು ಪುಸ್ತಕದಲ್ಲಿ ಸಹಿ ಹಾಕಿ, ಪಕ್ಕದಲ್ಲಿ ಒಂದು ಸೀಲು ಒತ್ತಬೇಕು. ಬೆರಳುಗಾತ್ರದ ಸೀಲು, ಅದರ ಮೇಲೆ ನಮ್ಮ ನಮ್ಮ ನಂಬರು. ಅದು ಬೀಳದೆ ಆ ದೊಡ್ಡ ವಿಮಾನ ಒಂದು ಇಂಚು ಸರಿಯುವುದಿಲ್ಲ. ಇಂಥ ಸೀಲನ್ನು ನಾನು ಆರು ತಿಂಗಳ ಮಟ್ಟಿಗೆ ಕಳೆದುಕೊಂಡೆ. ಹೇಗೆ ಕಳೆದುಕೊಂಡೆ, ಹೇಗೆ ವಾಪಸು ಪಡೆದೆ ಎಂಬುದೇ ಈ ಪ್ರಸಂಗಗಳು. ಎರಡಕ್ಕೂ ಕಾರಣ ನಮ್ಮ ಅತ್ತೆಯವರು.

೧. ಕನ್ನಡಿ

ನಮ್ಮಲ್ಲಿ ಒಂದು ಪುಟ್ಟ ಕನ್ನಡಿ ಉಂಟು. ಹಲ್ಲಿನ ಡಾಕ್ಟರು ಬಾಯಿಯೊಳಗೆ ಹಾಕಿ ನೋಡುವಂಥದ್ದೇ, ಸ್ವಲ್ಪ ದೊಡ್ಡದು, ಎಳೆದರೆ ಉದ್ದವಾಗುವ ಹಿಡಿ. ಎಂಜಿನ್ನಿನ ಹಿಂದೆ ಕಣ್ಣು ಹೋಗದ ಜಾಗಕ್ಕೆ ಇದನ್ನು ತೂರಿಸಿ ನೋಡುವುದು. ಉಪಕರಣಗಳ ಪೆಟ್ಟಿಗೆಯಲ್ಲಿ ಪ್ರತಿಯೊಂದಕ್ಕೂ ಅದರದ್ದೇ ಆಕಾರದ ಗುಂಡಿ. ಸಂಜೆ ಎಲ್ಲಾ ಗುಂಡಿ ತುಂಬಬೇಕು. ಒಂದು ಗುಂಡಿ ಖಾಲಿ ಇದ್ದರೂ ಆ ಸಾಮಾನು ವಿಮಾನದೊಳಗೆ ಉಳಿದಿದೆ ಎಂದೇ ಲೆಕ್ಕ, ವಿಮಾನ ಹಾರುವಂತಿಲ್ಲ.

ಒಂದು ದಿನ ಕೆಲಸ ಮುಗಿಸಿ ಮನೆಗೆ ಬಂದು ಚಾ ಕುಡಿಯುತ್ತಿದ್ದೆ. ನಮ್ಮ ಮೇಡಂ ಫೋನ್ ಮಾಡಿದರು. ಮೇಡಂ ಎಂದರೆ ನಮ್ಮ ಕೆಲಸದ ಗುಣಮಟ್ಟ ನೋಡುವ ಮುಖ್ಯಸ್ಥೆ, ತಿರುವನಂತಪುರದ ಕಡೆಯವರು. ಮೂರು ವರ್ಷದಲ್ಲಿ ಕನ್ನಡ ಅಷ್ಟಿಷ್ಟು ಕಲಿತಿದ್ದಾರೆ. ಬೈಯುವುದು ಮಲಯಾಳದಲ್ಲಿ. ಹೊಗಳುವುದು ಯಾವ ಭಾಷೆಯಲ್ಲೆಂದು ಅಂದಿನವರೆಗೆ ಯಾರಿಗೂ ಗೊತ್ತಿರಲಿಲ್ಲ.

“ಕನ್ನಡಿಯ ಗುಂಡಿ ಖಾಲಿ ಉಂಟು. ನಿಮ್ಮ ಹತ್ತಿರ ಇದೆಯಾ?”

“ಇಲ್ಲ ಮೇಡಂ.”

“ಜೇಬು ನೋಡಿದಿರಾ?”

“ನೋಡುವುದೇ ಬೇಡ ಮೇಡಂ. ಇಪ್ಪತ್ತು ವರ್ಷದಲ್ಲಿ ಒಂದು ವಾಷರ್ ಕೂಡ ನಾನು ಮನೆಗೆ ತಂದವನಲ್ಲ. ಬೇಕಾದರೆ ದೇವರ ಮೇಲೆ ಆಣೆ ಹಾಕುತ್ತೇನೆ.”

ಆಣೆ ಹಾಕಿ ಫೋನಿಟ್ಟೆ. ಅಲ್ಲಿ ವಿಮಾನದ ಎರಡೂ ಎಂಜಿನ್ನಿನ ಹೊದಿಕೆ ಬಿಚ್ಚಿ ಎಂಟು ಮಂದಿ ಹುಡುಕಲು ಶುರು ಮಾಡಿದರು. ಇಲ್ಲಿ ಒಳಕೋಣೆಯಿಂದ ನಮ್ಮ ಅತ್ತೆಯವರ ಸಂಭ್ರಮದ ಸ್ವರ ಕೇಳಿತು. ಅತ್ತೆಯವರ ಊರು ಬಾಯಾರು. ಮಗಳ ಮನೆಗೆಂದು ಆ ವಾರ ಬಂದಿದ್ದರು. ಹೋಗಿ ನೋಡಿದರೆ ಗೋಡೆಗೂ ಕಪಾಟಿಗೂ ನಡುವೆ ಏನನ್ನೋ ತೂರಿಸಿ, ಒಂದು ಕಣ್ಣು ಮುಚ್ಚಿ, ನಮ್ಮ ವಿಮಾನ ರಿಪೇರಿಯ ಹ್ಯಾಂಗರಿನ ಯಾವ ಎಂಜಿನಿಯರಿಗೂ ಕಡಿಮೆಯಿಲ್ಲದ ಗಾಂಭೀರ್ಯದಿಂದ ಬಗ್ಗಿ ನಿಂತಿದ್ದಾರೆ. ಕೈಯಲ್ಲಿ ಕನ್ನಡಿ.

“ಅತ್ತೆ, ಇದು ಎಲ್ಲಿ ಸಿಕ್ಕಿತು?”

“ನಿಮ್ಮ ಅಂಗಿ ಒಗೆಯಲು ಹಾಕುವಾಗ ಜೇಬಿನಲ್ಲಿತ್ತು. ಒಳ್ಳೆ ಸಾಮಾನು ಮಾರಾಯ್ರೆ! ಹೋದ ವರ್ಷ ಬಿದ್ದ ನನ್ನ ಮೂಗುಬೊಟ್ಟು ಅಲ್ಲೇ ಉಂಟು, ಕಾಣ್ತದೆ.”

ಬೆವರು ಒರೆಸಿಕೊಳ್ಳುತ್ತ ಮೇಡಮ್ಮಿಗೆ ಫೋನ್ ಮಾಡಿ ಒಪ್ಪಿಕೊಂಡೆ. ಬಿಚ್ಚಿದ್ದನ್ನೆಲ್ಲ ಮತ್ತೆ ಹಾಕುವಷ್ಟರಲ್ಲಿ ವಿಮಾನ ಮೂರು ಗಂಟೆ ತಡವಾಗಿತ್ತು. ಮರುದಿನ ಮೇಡಂ ನನ್ನ ಸೀಲು ತೆಗೆದು ತಮ್ಮ ಡ್ರಾವರಿನಲ್ಲಿಟ್ಟು ಬೀಗ ಹಾಕಿದರು. “ಕನ್ನಡಿ ಕೊಂಡುಹೋದದ್ದಕ್ಕೆ ಅಲ್ಲ. ಜೇಬು ನೋಡದೆ ಆಣೆ ಹಾಕಿದ್ದಕ್ಕೆ. ಆರು ತಿಂಗಳು ನಿಮ್ಮಿಂದ ಒಂದು ನಿಮಿಷವೂ ವಿಮಾನ ತಡ ಆಗಬಾರದು. ಆಯಿತೋ, ಸೀಲು ಮರೆತುಬಿಡಿ, ಸ್ಟೋರಿನಲ್ಲಿ ಕೂತು ನಟ್ಟು ಎಣಿಸಿ.”

ನಾನು ಮುಖ ಸಣ್ಣ ಮಾಡಿ ಮನೆಗೆ ಬಂದೆ. ಅತ್ತೆಯವರು ಮೂಗುಬೊಟ್ಟು ಹಾಕಿಕೊಂಡು ಜಗಲಿಯಲ್ಲಿ ಕೂತಿದ್ದರು. ಎಲ್ಲಾ ಕೇಳಿ ಸಮಾಧಾನ ಹೇಳಿದರು: “ಹೋಗಲಿ ಬಿಡಿ. ಸಾಮಾನು ಒಂದು ಹೋದರೆ ಒಂದು ಸಿಕ್ಕಿತಲ್ಲ.”

೨. ನೆಲದಡಿಯ ಪೆಟ್ಟು

ಸೀಲಿಲ್ಲದವನ ಬಾಳು ಕಷ್ಟ. ಕೆಲಸ ನಾನು ಮಾಡಬೇಕು, ಸೀಲು ನನ್ನ ಸ್ನೇಹಿತ ಒತ್ತಬೇಕು. ಕುಂಬ್ಡಾಜೆಯವನು, ನನಗಿಂತ ಹತ್ತು ವರ್ಷ ಚಿಕ್ಕವನು, ಸ್ಪ್ಯಾನರ್ ಹಿಡಿಯಲು ನಾನೇ ಕಲಿಸಿದ್ದು. ಅವನು ಪ್ರತಿ ಸಲ ಸೀಲು ಒತ್ತುವ ಮುಂಚೆ “ಒತ್ತಲಾ ಅಣ್ಣ?” ಎಂದು ಕೇಳುತ್ತಿದ್ದ. ಮರ್ಯಾದೆಗೆಂದೇ ಕೇಳುತ್ತಿದ್ದ, ನನಗೆ ಮಾತ್ರ ಉರಿಯುತ್ತಿತ್ತು.

ಎರಡನೇ ತಿಂಗಳಲ್ಲಿ ಒಂದು ವಿಚಿತ್ರ ದೂರು ಬಂತು. ಮಧ್ಯಾಹ್ನದ ವಿಮಾನದ ಪೈಲಟ್, ಉತ್ತರದ ಕಡೆಯವರು, ಪುಸ್ತಕದಲ್ಲಿ ಬರೆದಿದ್ದರು: ‘ಕಾಕ್‌ಪಿಟ್ಟಿನ ನೆಲದಡಿಯಲ್ಲಿ ಲಯಬದ್ಧವಾದ ಬಡಿತ. ಬರಬರುತ್ತ ವೇಗ ಹೆಚ್ಚುತ್ತದೆ. ಒಂದು ನಿಮಿಷದಲ್ಲಿ ನಿಲ್ಲುತ್ತದೆ.’ ನಾವು ಪಂಪು ನೋಡಿದೆವು, ಫ್ಯಾನು ನೋಡಿದೆವು, ಎಲ್ಲಾ ಸರಿ. ಮರುದಿನ ಅದೇ ವಿಮಾನ, ಅದೇ ಹೊತ್ತು, ಅದೇ ದೂರು. ಬೇರೆ ಯಾವ ಊರಿನಲ್ಲೂ ಸದ್ದಿಲ್ಲ, ನಮ್ಮಲ್ಲಿ ಮಾತ್ರ, ಅದೂ ಹನ್ನೆರಡೂವರೆಗೆ.

ಈ ಸಲ ಮೇಡಂ ವಿಮಾನ ನಿಲ್ಲಿಸಿಯೇಬಿಟ್ಟರು. ಪಂಪನ್ನೇ ಬದಲಾಯಿಸುವ ಮಾತು ಬಂತು. ನಾನು ಪೈಲಟರ ಪಕ್ಕದಲ್ಲಿ ನೆಲಕ್ಕೆ ಕಿವಿ ಇಟ್ಟು ಮಲಗಿದೆ. ‘ಮತ್ತೆ ಶುರುವಾದರೆ ಕೇಳಿ’ ಎಂದು ಪೈಲಟ್ ಕಾಯುತ್ತಿದ್ದರು. ಶುರುವಾಯಿತು. ಮೊದಲು ಮೆಲ್ಲಗೆ, ಮತ್ತೆ ಬಿರುಸು, ಮತ್ತೆ ಒಟ್ಟು ಗಡಗಡ.

ನಾನು ಎದ್ದು ಕೂತೆ. “ಮೇಡಂ, ಪಂಪು ಬಿಚ್ಚುವುದು ಬೇಡ. ಇದು ಚೆಂಡೆ.”

“ಎಂತದು?”

“ಯಕ್ಷಗಾನದ ಚೆಂಡೆ ಮೇಡಂ. ಅದೂ ಯುದ್ಧಕ್ಕೆ ಹೊರಡುವಾಗ ಬಾರಿಸುವ ಪೆಟ್ಟು.”

ಬಾಗಿಲ ಬಳಿ ನಿಂತಿದ್ದ ಕುಂಬ್ಡಾಜೆಯವನ ಮುಖ ಬೆಳ್ಳಗಾಯಿತು. “ಮೇಡಂ, ತಪ್ಪು ನನ್ನದು. ಅದು ನನ್ನ ಫೋನು. ಮೊನ್ನೆ ಕೆಳಗೆ ಕೆಲಸ ಮಾಡುವಾಗ ಬಿದ್ದಿರಬೇಕು. ನಾನು ಬಸ್ಸಿನಲ್ಲಿ ಕಳೆದುಹೋಯಿತೆಂದು ತಿಳಿದಿದ್ದೆ.” ಇವನು ಯಕ್ಷಗಾನ ಆಟದ ಹುಚ್ಚ. ಫೋನಿಗೆ ಅದೇ ಸದ್ದು ಇಟ್ಟುಕೊಂಡಿದ್ದ. ಕದ್ದವನು ಒಮ್ಮೆಯಾದರೂ ಎತ್ತಲಿ ಎಂದು ಅವನ ಹೆಂಡತಿ ದಿನಾ ಊಟದ ಹೊತ್ತಿಗೆ ಆ ನಂಬರಿಗೆ ಹೊಡೆಯುತ್ತಿದ್ದಳು.

ತಕ್ಷಣ ಒಪ್ಪಿಕೊಂಡದ್ದರಿಂದ ಮೇಡಂ ಅವನ ಸೀಲು ತೆಗೆಯಲಿಲ್ಲ. ಅಂದಿನಿಂದ ಎಲ್ಲರ ಫೋನೂ ಕೆಲಸದ ಹೊತ್ತಿನಲ್ಲಿ ಡಬ್ಬದಲ್ಲಿಡಬೇಕೆಂದು ಹುಕುಂ ಆಯಿತು. ದೂರಿನ ಕೆಳಗೆ ಕಾರಣ ಬರೆಯುವ ಗೌರವ ನನಗೆ ಸಿಕ್ಕಿತು. ‘ಶಬ್ದದ ಮೂಲ: ಚೆಂಡೆ’ ಎಂದು ನೆಟ್ಟಗೆ ಬರೆದೆ. ಸೀಲಿಲ್ಲದಿದ್ದರೇನು, ಕಿವಿ ಇತ್ತು!

ನೆಲದ ಹಲಗೆ ಎತ್ತಿದಾಗ ಫೋನು ಮತ್ತೆ ಬಾರಿಸತೊಡಗಿತು. ನಾನೇ ತೆಗೆದು ಕಿವಿಗಿಟ್ಟೆ.

“ಅಂತೂ ಎತ್ತಿದೆಯಲ್ಲ ಕಳ್ಳ! ಎಲ್ಲಿದ್ದೀ ನೀನು?” ಎಂದು ಆ ಕಡೆಯಿಂದ ಗರ್ಜನೆ.

“ವಿಮಾನದಲ್ಲಿದ್ದೇನೆ ತಂಗಿ.”

“ನನ್ನ ಗಂಡನ ಫೋನು ಕದ್ದು ಗಲ್ಫಿಗೆ ಹೊರಟದ್ದಾ? ಅಲ್ಲೇ ಇರು, ನನ್ನ ಗಂಡ ವಿಮಾನ ನಿಲ್ಲಿಸುವ ಜನ!”

ನಿಲ್ಲಿಸಿ ಆಗಿತ್ತು.

೩. ಹಪ್ಪಳ

ಐದನೇ ತಿಂಗಳಲ್ಲಿ ಬಾಯಾರಿನಲ್ಲಿ ಒಂದು ಮದುವೆ. ಆಗ ನಮ್ಮಲ್ಲೇ ಇದ್ದ ಅತ್ತೆಯವರನ್ನೂ ಕರೆದುಕೊಂಡು ಹೊರಟೆವು. ಸೀಲಿಲ್ಲದ ಸಂಕಟಕ್ಕೆ ನಾನು ಮನೆಯಲ್ಲಿ ಹ್ಯಾಂಗರಿನ ಶಿಸ್ತು ಶುರು ಮಾಡಿದ್ದೆ. ಹೊರಡುವ ಮುಂಚೆ ಪಟ್ಟಿ ಓದುವುದು, ಹೆಂಡತಿ ಒಂದೊಂದಕ್ಕೂ ಉತ್ತರ ಕೊಡುವುದು. ಅವಳು ಒಪ್ಪಿದ್ದು ನನ್ನ ಮೇಲಿನ ಮರುಕದಿಂದ.

ಕಾರಿನಲ್ಲಿ ಕೂತು, ಬಾಗಿಲಲ್ಲಿದ್ದ ಅವಳಿಗೆ ಕೇಳುವಂತೆ ಓದಿದೆ. “ಗ್ಯಾಸು?” “ಬಂದ್ ಮಾಡಿದೆ.” “ಹಿಂದಿನ ಬಾಗಿಲು?” “ಹಾಕಿದೆ.” “ನೀರಿನ ಪಂಪು ಆಫ್?” “ಆಯ್ತು.”

ಆಯ್ತಲ್ಲ ಎಂದು ನಾನು ಎರಡು ಸಲ ಹಾರ್ನ್ ಹಾಕಿದೆ. ಅವಳು ಓಡಿ ಬಂದು ಕೂತಳು. ಮದುವೆ, ಊಟ, ನೆಂಟರ ಮಾತು ಎಲ್ಲಾ ಮುಗಿಸಿ ನಾಲ್ಕು ಗಂಟೆ ಬಿಟ್ಟು ಬಂದರೆ ತಾರಸಿಯ ಟ್ಯಾಂಕಿ ತುಂಬಿ, ನೀರು ಗೋಡೆಯ ನಾಲ್ಕೂ ಬದಿಯಿಂದ ಇಳಿಯುತ್ತಿದೆ. ತಾರಸಿಯಲ್ಲಿ ಅತ್ತೆಯವರು ಒಣಗಲು ಹಾಕಿದ್ದ ಹಲಸಿನ ಹಪ್ಪಳ ಇತ್ತು. ಗಲ್ಫಿನಲ್ಲಿರುವ ಚಿಕ್ಕ ಮಗಳ ಬಾಣಂತನಕ್ಕೆ ಮುಂದಿನ ತಿಂಗಳು ಹೋಗುವವರು, ಅವಳಿಗೆಂದು ಮಾಡಿದ್ದು.

“ಪಂಪು ಆಫ್ ಆಯ್ತು ಅಂದೆಯಲ್ಲ ನೀನು!” ಎಂದೆ.

“ಹೌದು, ಆಯ್ತು ಅಂದೆ. ಮಾಡ್ತೇನೆ ಅಂತ. ಮಾಡಲು ಹೊರಟೆ, ನೀವು ಹಾರ್ನ್ ಹಾಕಿದ್ರಿ.”

“ಆಯ್ತು ಅಂದ್ರೆ ಮಾಡಿ ಆಯ್ತು ಅಂತ ಅಲ್ವಾ?”

“ನಿಮ್ಮ ಪೆರ್ಲದಲ್ಲಿ ಇರಬಹುದು. ನಮ್ಮ ಬಾಯಾರಿನಲ್ಲಿ ಆಯ್ತು ಅಂದ್ರೆ, ಮಾಡ್ತೇನೆ, ನೀವೊಮ್ಮೆ ಸುಮ್ಮನಿರಿ ಅಂತ.”

ನಾವಿಬ್ಬರೂ ಹೀಗೆ ವ್ಯಾಕರಣ ಬಿಡಿಸುತ್ತಿರುವಾಗ ಅತ್ತೆಯವರು ತಾರಸಿಯಿಂದ ಇಳಿದು ಬಂದರು. ಕೈಯಲ್ಲಿ ಒಂದು ಪಾತ್ರೆ, ಪಾತ್ರೆಯಲ್ಲಿ ಬಿಳಿಯ ಗಂಜಿಯಂಥದ್ದು. “ಹಪ್ಪಳ ಒಟ್ಟು ಪಾಯಸ ಆಯ್ತು” ಎಂದರು.

ಆ ‘ಆಯ್ತು’ವಿನ ಬಗ್ಗೆ ಮಾತ್ರ ಯಾರಿಗೂ ಸಂಶಯ ಇರಲಿಲ್ಲ.

೪. ಮುಚ್ಚಳ

ಆರು ತಿಂಗಳು ಮುಗಿಯಲು ಮೂರು ದಿನ ಬಾಕಿ. ಅಂದು ಅತ್ತೆಯವರು ಗಲ್ಫಿಗೆ ಹೊರಡುವ ದಿನ, ಜೀವನದಲ್ಲಿ ಮೊದಲ ಸಲ ವಿಮಾನ. ಹೊಸ ಹಪ್ಪಳದ ಕಟ್ಟಿನೊಂದಿಗೆ ಅವರನ್ನು ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿ ಒಳಗೆ ಬಿಟ್ಟೆ. “ಹೆದರಬೇಡಿ ಅತ್ತೆ. ಆ ವಿಮಾನ ನೋಡಿಕೊಳ್ಳುವುದು ನಾನೇ” ಎಂದೆ. “ಅದಕ್ಕೇ ಹೆದರಿಕೆ” ಎಂದು ಅವರು ಒಳಗೆ ನಡೆದರು.

ಮಧ್ಯಾಹ್ನದ ವಿಮಾನ ಬಂತು. ಕುಂಬ್ಡಾಜೆಯವನು ಎಡ ಎಂಜಿನ್ನಿಗೆ ಎಣ್ಣೆ ತುಂಬಿಸಿ ಮುಚ್ಚಳ ಇಟ್ಟ. ಇಟ್ಟ ಮೇಲೆ ತಿರುಗಿಸಿ ಬಿಗಿ ಮಾಡಬೇಕು. ಬಿಗಿಯಾಗದಿದ್ದರೆ ಹಾರುವಾಗ ಎಣ್ಣೆ ಎಲ್ಲಾ ಸೋರಿ ಹೋಗುತ್ತದೆ, ಮುಂದಿನದು ನಾನು ಹೇಳಬೇಕಾಗಿಲ್ಲ. ಚಕ್ರದ ಹತ್ತಿರವಿದ್ದ ನಾನು ಅವನಿಗೆ ಕೂಗಿ ಕೇಳಿದೆ, “ಮುಚ್ಚಳ ಬಿಗಿ ಉಂಟಾ?” ಪಕ್ಕದ ವಿಮಾನದ ಸದ್ದಿನಲ್ಲಿ ನನ್ನ ಕೊನೆಯ ಶಬ್ದ ಹಾರಿಹೋಯಿತು. ಅವನು ಕೈ ಎತ್ತಿ “ಆಯ್ತು” ಎಂದ. ಆಗಲೇ ಯಾರೋ ಕರೆದರೆಂದು ಬಲಬದಿಗೆ ಹೋದ. ನಾನು ಬಂದು ಮುಚ್ಚಳದ ಹೊರಗಿನ ಚಿಕ್ಕ ಬಾಗಿಲು ಹಾಕಿದೆ. ಅವನು ವಾಪಸು ಬಂದು ಸೀಲು ಒತ್ತಿದ.

ಪ್ರಯಾಣಿಕರು ಹತ್ತಿದರು, ಬಾಗಿಲು ಮುಚ್ಚಿತು, ವಿಮಾನವನ್ನು ಹಿಂದೆ ತಳ್ಳುವ ಟ್ರ್ಯಾಕ್ಟರ್ ಬಂದು ನಿಂತಿತು. ನಾನು ಕಿವಿಗೆ ಹೆಡ್‌ಫೋನ್ ಹಾಕಿ ಪೈಲಟರೊಂದಿಗೆ ಮಾತಾಡುತ್ತ ವಿಮಾನದ ಹೊಟ್ಟೆಯ ಅಡಿಯಲ್ಲಿ ನಿಂತಿದ್ದೆ. ಆಗ ಮೇಲಿನಿಂದ, ಏಸಿಯ ನೀರು ಹೊರಬೀಳುವ ತೂತಿನಿಂದ, ಒಂದು ಹನಿ ನನ್ನ ನೆತ್ತಿಗೆ ಬಿತ್ತು.

ಹನಿ ಬಿದ್ದದ್ದೇ ತಡ, ನಮ್ಮ ಮನೆಯ ಟ್ಯಾಂಕಿ ನೆನಪಾಯಿತು. ಟ್ಯಾಂಕಿಯ ಹಿಂದೆ ಹಪ್ಪಳ, ಹಪ್ಪಳದ ಹಿಂದೆ ‘ಆಯ್ತು’. ಪಕ್ಕದಲ್ಲಿದ್ದ ಕುಂಬ್ಡಾಜೆಯವನನ್ನು ಕೇಳಿದೆ, “ಮುಚ್ಚಳದ ವಿಷಯ ಕೇಳಿದಾಗ ಆಯ್ತು ಅಂದೆಯಲ್ಲ, ಯಾವ ಆಯ್ತು ಮಾರಾಯ?”

“ಯಾವ ಆಯ್ತು ಅಂದ್ರೆ?”

“ಮಾಡಿದ ಆಯ್ತಾ, ಮಾಡುವ ಆಯ್ತಾ?”

“ಮಾಡುವ ಆಯ್ತು ಅಣ್ಣ. ನೀವು ಬಿಗಿ ಮಾಡು ಅಂದ್ರಿ ಅಂತ ಕೇಳಿದ್ದು ನನಗೆ. ನಾನು ಬರುವಾಗ ಬಾಗಿಲು ಹಾಕಿತ್ತು, ನೀವೇ ಮಾಡಿದ್ದೀರಿ ಅಂತ…”

ವಿಮಾನ ನಿಲ್ಲಿಸಿದರೆ ತಡ. ತಡವಾದರೆ ನನ್ನ ಸೀಲು ಹೋಯಿತು, ಇನ್ನು ನಿವೃತ್ತಿಯವರೆಗೆ ಸ್ಟೋರಿನಲ್ಲಿ ನಟ್ಟು. ಒಂದು ವೇಳೆ ಮುಚ್ಚಳ ಹೇಗೋ ಬಿಗಿಯಾಗಿಯೇ ಇದ್ದರೆ ನಗೆಪಾಟಲು ಬೇರೆ. ಇದೆಲ್ಲಾ ಹೊಳೆದದ್ದು ಹೌದು. ಹೊಳೆಯುವಾಗಲೇ ವಿಮಾನದ ಮೂತಿಯ ಮುಂದಕ್ಕೆ ಓಡಿ ಎರಡೂ ಕೈ ತಲೆಯ ಮೇಲೆ ಅಡ್ಡ ಹಿಡಿದಾಗಿತ್ತು. ಪೈಲಟರಿಗೆ ಅದರ ಅರ್ಥ ಒಂದೇ: ನಿಲ್ಲಿಸು.

ಏಣಿ ತಂದರು. ಮೇಡಂ ಓಡಿ ಬಂದರು. ಹತ್ತುವ ಮುಂಚೆ ಜೇಬು ಖಾಲಿ ಮಾಡಬೇಕೆಂಬ ನಿಯಮ ನೆನಪಾಗಿ ಕೈ ಹಾಕಿದೆ. ಮತ್ತೆ ಗಾಜು! ಹೋದ ಸಲದ ಆಣೆ ಕಣ್ಣ ಮುಂದೆ ಬಂದು, ತಡಮಾಡದೆ ಹೇಳಿಯೇಬಿಟ್ಟೆ.

“ಮೇಡಂ, ನನ್ನ ಜೇಬಿನಲ್ಲಿ ನಮ್ಮ ಬಾಯಾರಿನ ಅತ್ತೆಯ ಕನ್ನಡಕ ಉಂಟು. ಬೆಳಿಗ್ಗೆ ಒರೆಸಿ ಕೊಡಿ ಅಂದಿದ್ದರು, ಮರೆತೆ. ಅತ್ತೆ ಇದೇ ವಿಮಾನದಲ್ಲಿದ್ದಾರೆ.”

ಮೇಡಂ ಕೈ ಚಾಚಿ ಕನ್ನಡಕ ತೆಗೆದುಕೊಂಡರು. ನಾನು ಹತ್ತಿ ಚಿಕ್ಕ ಬಾಗಿಲು ತೆರೆದೆ. ಮುಚ್ಚಳ ಎರಡು ಬೆರಳಿಗೆ ಎದ್ದು ಬಂತು. ಅದನ್ನು ಎತ್ತಿ ಕೆಳಗಿದ್ದವರಿಗೆಲ್ಲ ತೋರಿಸಿದೆ. ಕುಂಬ್ಡಾಜೆಯವನು ಟ್ರ್ಯಾಕ್ಟರಿನ ಮೆಟ್ಟಿಲ ಮೇಲೆ ಕೂತುಬಿಟ್ಟ. ನಾನು ಮುಚ್ಚಳ ಇಟ್ಟು, ತಿರುಗಿಸಿ, ಎಳೆದು ನೋಡಿ, ಮೇಲಿನಿಂದಲೇ ಕೂಗಿದೆ, “ಬಿಗಿ ಮಾಡಿದೆ! ಮಾಡಿದೆ! ಮಾಡಿ ಮುಗಿಸಿದೆ!”

ಇಪ್ಪತ್ತೈದು ನಿಮಿಷ ತಡವಾಗಿ ವಿಮಾನ ಹಾರಿತು. ಒಳಗೆ ನೂರೆಂಬತ್ತು ಮಂದಿ, ಅದರಲ್ಲಿ ಒಬ್ಬರು ಕನ್ನಡಕ ಹಾಕಿಕೊಂಡು.

೫. ವಿಚಾರಣೆ

ಮರುದಿನ ನಮ್ಮಿಬ್ಬರನ್ನೂ ಮೇಡಂ ಕರೆದರು. ಎದುರಿಗೆ ಬಿಳಿ ಕಾಗದ, ಕೈಯಲ್ಲಿ ಪೆನ್ನು.

“ಆಯ್ತು ಎಂಬುದು ಭೂತಕಾಲವಾ, ಭವಿಷ್ಯತ್ಕಾಲವಾ?”

“ಎರಡೂ ಮೇಡಂ” ಎಂದೆ ನಾನು.

“ಕೆಲವು ಸಲ ಎರಡೂ ಅಲ್ಲ ಮೇಡಂ. ನನ್ನ ಹೆಂಡತಿ ಹೇಳುವಾಗ, ಸಾಕು ನಿಲ್ಲಿಸಿ ಅಂತ” ಎಂದ ಕುಂಬ್ಡಾಜೆಯವನು.

ಮೇಡಂ ತುಂಬ ಹೊತ್ತು ಬರೆದರು. ಆಮೇಲೆ ಒಂದು ನೋಟೀಸು ಬೋರ್ಡಿಗೆ ಬಂತು: ‘ವಿಮಾನದ ಹತ್ತಿರ ಇನ್ನು ಯಾರೂ “ಆಯ್ತು” ಎನ್ನಬಾರದು. “ಮಾಡಿದೆ” ಅಥವಾ “ಮಾಡುತ್ತೇನೆ” ಎನ್ನಬೇಕು.’ ಒಂದು ಶಬ್ದಕ್ಕೆ ನಿಷೇಧ ತಂದ ಕೀರ್ತಿ ನಮ್ಮಿಬ್ಬರದು.

ಕುಂಬ್ಡಾಜೆಯವನಿಗೆ ಒಂದು ತಿಂಗಳು ಸೀಲಿಲ್ಲ, ನೋಡದೆ ಒತ್ತಿದ್ದಕ್ಕೆ. ನಾನು ನನ್ನ ಪಾಲಿನ ನಟ್ಟುಗಳನ್ನು ಮನಸ್ಸಿನಲ್ಲೇ ಎಣಿಸುತ್ತ ನಿಂತಿದ್ದೆ. ಮೇಡಂ ಡ್ರಾವರಿನ ಬೀಗ ತೆಗೆದು ನನ್ನ ಸೀಲು ಮೇಜಿನ ಮೇಲಿಟ್ಟರು.

“ಮೇಡಂ, ಇಪ್ಪತ್ತೈದು ನಿಮಿಷ ತಡ ಆಗಿದೆ.”

“ಅದು ತಡ ಅಲ್ಲ. ಅದು ನಿಮ್ಮ ಕೆಲಸ.” ಮತ್ತೆ “ನನ್ನಾಯಿ” ಎಂದರು. ಮಲಯಾಳದಲ್ಲಿ ಹಾಗೆಂದರೆ ಒಳ್ಳೆಯದಾಯಿತು ಎಂದು. ಹೊಗಳುವ ಭಾಷೆಯೂ ಅದೇ ಎಂದು ಅಂದು ಗೊತ್ತಾಯಿತು. ಅದರ ಬಾಲದಲ್ಲೂ ‘ಆಯಿ’ಯಾಗಿ ನಮ್ಮ ‘ಆಯ್ತು’ವಿನ ಅಕ್ಕ ಕೂತಿದ್ದಾಳೆ ಎಂದು ನಾನು ಹೇಳಲು ಹೋಗಲಿಲ್ಲ. ಸೀಲನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ.

ಬಾಗಿಲವರೆಗೆ ಬಂದಾಗ ಮೇಡಂ ಹಿಂದಿನಿಂದ ತಮ್ಮ ಕನ್ನಡದಲ್ಲಿ ಗದರಿಸಿದರು: “ಇನ್ನು ಮೇಲೆ ಆ ಶಬ್ದ ನನ್ನ ಕಿವಿಗೆ ಬೀಳಬಾರದು. ಅರ್ಥ ಆಯ್ತಾ?”

“ಆಯ್ತು ಮೇಡಂ” ಎಂದೆವು ಇಬ್ಬರೂ.

೬. ಪೆರ್ಲದ ಬಸ್‌ಸ್ಟ್ಯಾಂಡು

ಸೀಲು ಸಿಕ್ಕಿದ ಸುದ್ದಿಯನ್ನು ಊರಿಗೆಲ್ಲ ಹೇಳಬೇಕೆಂದು ಎದೆಯುಬ್ಬಿಸಿ ಪೆರ್ಲ ಪೇಟೆಗೆ ಇಳಿದೆ. ನನಗಿಂತ ಮುಂಚೆ, ಆ ವಿಮಾನದಲ್ಲಿದ್ದವರ ಫೋನಿನ ಮೂಲಕ, ಬೇರೊಂದು ಸುದ್ದಿ ಇಳಿದಿತ್ತು. ವಿಮಾನದಲ್ಲಿ ಆಗಿದ್ದು ಇಷ್ಟು: ಕೂತ ಕೂಡಲೇ ಅತ್ತೆಯವರು ಗಗನಸಖಿಯನ್ನು ಕರೆದು, “ನನ್ನ ಕನ್ನಡಕ ಅಳಿಯನ ಹತ್ತಿರ ಬಾಕಿ ಆಯಿತು. ಅವರು ಕೆಳಗೇ ಇದ್ದಾರೆ, ಒಮ್ಮೆ ಹೇಳು ಮಗಾ” ಎಂದಿದ್ದರು. ಅವಳು ನಕ್ಕು ಹೋಗಿದ್ದಳು. ಎರಡು ನಿಮಿಷದಲ್ಲಿ ವಿಮಾನ ನಿಂತಿತು. ಬಾಗಿಲು ತೆರೆಯಿತು. ದೊಡ್ಡ ಅಧಿಕಾರಿಯಂತೆ ಕಾಣುವ ಹೆಂಗಸು ಒಬ್ಬರು ಸ್ವತಃ ಬಂದು, “ಬಾಯಾರಿನ ಅಮ್ಮ ಯಾರು?” ಎಂದು ಕೇಳಿ ಕನ್ನಡಕ ಕೊಟ್ಟು ಹೋದರು. ಬಾಗಿಲು ಮುಚ್ಚಿತು, ವಿಮಾನ ಹಾರಿತು. ತಾಂತ್ರಿಕ ಕಾರಣದಿಂದ ತಡವಾಯಿತೆಂದು ಪೈಲಟ್ ಹೇಳಿದ್ದನ್ನು ಒಬ್ಬರೂ ನಂಬಲಿಲ್ಲ.

ರಾತ್ರಿ ಅತ್ತೆಯವರ ಫೋನು. “ನೀವು ಇಷ್ಟು ದೊಡ್ಡ ಜನ ಅಂತ ನನಗೆ ಗೊತ್ತಿರಲಿಲ್ಲ ಮಾರಾಯ್ರೆ!”

“ಅಲ್ಲ ಅತ್ತೆ, ಅದು ಕನ್ನಡಕಕ್ಕಲ್ಲ. ಎಣ್ಣೆಯ ಮುಚ್ಚಳ ಸಡಿಲ ಇತ್ತು. ನಾನು ನೂರೆಂಬತ್ತು ಮಂದಿಯ ಜೀವ…”

“ಆಯ್ತು, ಆಯ್ತು” ಎಂದರು ಅತ್ತೆ. ಅದು ಮಾಡಿದ ಆಯ್ತೂ ಅಲ್ಲ, ಮಾಡುವ ಆಯ್ತೂ ಅಲ್ಲ. ನಿಮ್ಮ ನಾಚಿಕೆ ನನಗೆ ಅರ್ಥವಾಗುತ್ತದೆ ಎಂಬ ಆಯ್ತು.

ಕಳೆದ ವಾರ ಪುತ್ತೂರಿನ ಬಸ್ಸಿಗೆ ಕಾಯುತ್ತಿದ್ದೆ. ಗುರುತಿಲ್ಲದ ಒಬ್ಬ ಹಿರಿಯರು ಬಂದು ಮೆಲ್ಲಗೆ ಕೇಳಿದರು, “ಅತ್ತೆಯ ಕನ್ನಡಕಕ್ಕೆ ವಿಮಾನ ನಿಲ್ಲಿಸಿದವರು ನೀವೇ ಅಲ್ವಾ?”

ಮುಚ್ಚಳದ ಕಥೆ ಹೇಳಲು ಬಾಯಿ ತೆರೆದೆ. ಅವರು ಬಿಡಲಿಲ್ಲ.

“ನಾಡಿದ್ದು ನನ್ನ ಮಗಳು ಹೋಗ್ತಾಳೆ. ಅವಳಿಗೆ ಮರೆವು ಜಾಸ್ತಿ. ಏನಾದ್ರೂ ಬಿಟ್ಟುಹೋದರೆ ನಾನು ನಿಮಗೆ ಫೋನ್ ಮಾಡ್ತೇನೆ. ಒಂದು ಐದು ನಿಮಿಷ ನಿಲ್ಲಿಸಿದರೆ ಸಾಕು, ಆಗದಾ?”

ಬಸ್‌ಸ್ಟ್ಯಾಂಡಿನಲ್ಲಿದ್ದವರೆಲ್ಲ ನನ್ನ ಬಾಯಿ ನೋಡುತ್ತಿದ್ದರು. ನಾನು ಜೇಬಿನಲ್ಲಿದ್ದ ಸೀಲನ್ನು ಒಮ್ಮೆ ಮುಟ್ಟಿ ನೋಡಿಕೊಂಡು, ತಲೆಯೆತ್ತಿ, ಗಂಭೀರವಾಗಿ ಹೇಳಿದೆ:

“ಆಯ್ತು.”

ಯಾವ ಆಯ್ತು ಎಂದು ಅವರು ಕೇಳಲಿಲ್ಲ.